ನೀಲಿ ಪೆಟ್ಟಿಗೆಯ ಎಡ್ವಿನ್ ಲಿಂಕ್

ರೈಟ್ ಸಹೋದರರು ತಾವೇ ನಿರ್ಮಿಸಿದ ವಿಮಾನದಲ್ಲಿ ಮೊತ್ತಮೊದಲು ಹಾರಿದ್ದು 1903ನೆಯ ಇಸವಿಯ ಡಿಸೆಂಬರ್ 17ರಂದು. ಮನುಷ್ಯನ ಬಹುಕಾಲದ ಕನಸು ಅಂದು ನನಸಾಯಿತು. ಆದರೆ ವಿಮಾನದ ಬೆನ್ನಿಗೇ ಒಂದು ಕಠಿಣವಾದ ಪ್ರಶ್ನೆಯೂ ಹುಟ್ಟಿಕೊಂಡಿತು. ಈಜು ಕಲಿಯುವವನು ಮೊದಲು ಮೊಣಕಾಲುದ್ದದ ನೀರಿಗೆ ಇಳಿಯಬಹುದು. ಸೈಕಲ್ ಕಲಿಯುವವನು ಬಿದ್ದರೆ ಮೊಣಕೈ ತರಚೀತು. ಆದರೆ ಆಕಾಶದಲ್ಲಿ ವಿಮಾನ ನಡೆಸಲು ಕಲಿಯುವವನು ತಪ್ಪು ಮಾಡಿದರೆ ಗತಿಯೇನು?

ಆರಂಭದ ದಿನಗಳ ವೈಮಾನಿಕರು ಈ ಪ್ರಶ್ನೆಗೆ ತಮ್ಮ ಪ್ರಾಣವನ್ನೇ ಬೆಲೆಯಾಗಿ ತೆತ್ತರು. ಅಮೆರಿಕದ ಯೂಜೀನ್ ಈಲಿ ಎಂಬ ತರುಣನು ಗುರುವಿಲ್ಲದೆ ತಾನಾಗಿಯೇ ವಿಮಾನ ನಡೆಸಲು ಕಲಿತವನು. 1911ರ ಜನವರಿ 18ರಂದು ಅವನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ನಿಂತಿದ್ದ ಪೆನ್ಸಿಲ್ವೇನಿಯ ಎಂಬ ಯುದ್ಧನೌಕೆಯ ಮೇಲೆ ವಿಮಾನವನ್ನು ಇಳಿಸಿದನು. ನೌಕೆಯ ಮೇಲೆ ಸುಮಾರು 40 ಮೀಟರ್ ಉದ್ದದ ಮರದ ಅಟ್ಟವನ್ನು ಕಟ್ಟಿ, ಅದರ ಅಡ್ಡಲಾಗಿ ಹಗ್ಗಗಳನ್ನು ಬಿಗಿದು, ಪ್ರತಿಯೊಂದು ಹಗ್ಗದ ಎರಡು ತುದಿಗೂ ಮರಳಿನ ಚೀಲಗಳನ್ನು ಕಟ್ಟಿದ್ದರು. ವಿಮಾನದ ಕೆಳಗಿದ್ದ ಕೊಕ್ಕೆಗಳು ಹಗ್ಗಗಳಿಗೆ ಸಿಕ್ಕಿಕೊಂಡು ವಿಮಾನ ನಿಂತಿತು. ನೌಕೆಯ ಮೇಲೆ ವಿಮಾನ ಇಳಿಸುವ ವಿದ್ಯೆ ಹುಟ್ಟಿದ್ದು ಅಂದೇ. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಮೇಕನ್ ನಗರದಲ್ಲಿ ಹಾರಾಟದ ಪ್ರದರ್ಶನ ನೀಡುತ್ತಿದ್ದಾಗ ಈಲಿಯ ವಿಮಾನ ನೆಲಕ್ಕೆ ಅಪ್ಪಳಿಸಿತು. ಆಗ ಅವನಿಗೆ ಇಪ್ಪತ್ತೈದು ವರ್ಷ ಕೂಡ ತುಂಬಿರಲಿಲ್ಲ.

ಇಂತಹ ಸಾವುಗಳನ್ನು ತಡೆಯುವ ಸಾಧನವೊಂದನ್ನು ಲೋಕಕ್ಕೆ ಕೊಟ್ಟವನು ಎಡ್ವಿನ್ ಲಿಂಕ್. ರೈಟ್ ಸಹೋದರರು ಹಾರಿದ ಏಳು ತಿಂಗಳ ತರುವಾಯ, 1904ರ ಜುಲೈ 26ರಂದು, ಅಮೆರಿಕದ ಇಂಡಿಯಾನ ಸಂಸ್ಥಾನದ ಹಂಟಿಂಗ್ಟನ್ ಎಂಬ ಊರಿನಲ್ಲಿ ಅವನು ಜನಿಸಿದನು. ಅವನಿಗೆ ಆರು ವರ್ಷವಾಗಿದ್ದಾಗ ಕುಟುಂಬವು ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ ನಗರಕ್ಕೆ ಬಂದು ನೆಲೆಸಿತು. ಅಲ್ಲಿ ಅವನ ತಂದೆ ದಿವಾಳಿಯಾಗಿದ್ದ ಸಂಗೀತವಾದ್ಯಗಳ ಕಾರ್ಖಾನೆಯೊಂದನ್ನು ಕೊಂಡು, ಪಿಯಾನೊ ಮತ್ತು ಆರ್ಗನ್‌ಗಳನ್ನು ತಯಾರಿಸತೊಡಗಿದನು. ಆರ್ಗನ್ ಎಂಬುದು ನಮ್ಮ ಹಾರ್ಮೋನಿಯಮ್ಮಿನಂತೆಯೇ ತಿದಿಯ ಗಾಳಿಯಿಂದ ನುಡಿಯುವ ದೊಡ್ಡ ವಾದ್ಯ. ತಿದಿ, ಕೊಳವೆ, ಕವಾಟಗಳ ನಡುವೆ ಬೆಳೆದ ಹುಡುಗನಿಗೆ ಗಾಳಿಯನ್ನು ಬೇಕಾದಂತೆ ದುಡಿಸಿಕೊಳ್ಳುವ ಕೌಶಲ ಸಹಜವಾಗಿಯೇ ಒಲಿಯಿತು.

ಹದಿನಾರನೆಯ ವಯಸ್ಸಿನಲ್ಲಿ ಲಿಂಕನಿಗೆ ಹಾರಾಟದ ಹುಚ್ಚು ಹಿಡಿಯಿತು. 1920ರಲ್ಲಿ ಅವನು ಲಾಸ್ ಏಂಜಲಿಸ್ ನಗರದಲ್ಲಿ ಐವತ್ತು ಡಾಲರ್ ಶುಲ್ಕ ಕೊಟ್ಟು ಮೊದಲ ಪಾಠಕ್ಕೆ ಹೋದನು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಶಿಕ್ಷಕನು ಅವನನ್ನು ಕೂರಿಸಿಕೊಂಡು ಆಕಾಶದಲ್ಲಿ ಲಾಗ ಹಾಕಿಸಿದನು, ಸುತ್ತಿಸಿದನು, ಮತ್ತೆ ನೆಲಕ್ಕೆ ಇಳಿಸಿದನು. ವಿಮಾನದ ಹಿಡಿಯನ್ನು ಮುಟ್ಟುವುದಕ್ಕೂ ಹುಡುಗನಿಗೆ ಅವಕಾಶ ದೊರೆಯಲಿಲ್ಲ. ಇಷ್ಟು ದುಬಾರಿಯಾದ ವಿದ್ಯೆಯನ್ನು ಹೀಗೆ ಕಲಿಸುವುದು ಸರಿಯಲ್ಲವೆಂಬ ಭಾವನೆ ಅವನ ಮನಸ್ಸಿನಲ್ಲಿ ಬೇರೂರಿತು. ತಂದೆಯ ಅಸಮ್ಮತಿಯಿದ್ದರೂ ಅವನು ಪಟ್ಟು ಬಿಡದೆ ಹಾರಾಟವನ್ನು ಕಲಿತು, 1927ರ ಹೊತ್ತಿಗೆ ಸ್ವಂತ ವಿಮಾನವನ್ನೂ ಪಡೆದನು.

ಅದೇ ಸಮಯದಲ್ಲಿ ಅವನು ತಂದೆಯ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಒಂದು ವಿಚಿತ್ರ ಯಂತ್ರವನ್ನು ಕಟ್ಟಲಾರಂಭಿಸಿದನು. ಸುಮಾರು ಒಂದೂವರೆ ವರ್ಷದ ಪರಿಶ್ರಮದಿಂದ ಅದು 1929ರಲ್ಲಿ ಸಿದ್ಧವಾಯಿತು. ನೋಡುವುದಕ್ಕೆ ಅದು ಮೋಟು ರೆಕ್ಕೆಗಳ ಆಟಿಕೆಯ ವಿಮಾನದಂತಿತ್ತು. ಅದರ ಅಡಿಯಲ್ಲಿ ಆರ್ಗನ್ನಿನ ತಿದಿಗಳಿದ್ದವು. ಒಳಗೆ ಕುಳಿತ ವಿದ್ಯಾರ್ಥಿಯು ಹಿಡಿಯನ್ನು ಎಡಕ್ಕೆ ಬಾಗಿಸಿದರೆ ಕವಾಟ ತೆರೆದು, ಒಂದು ತಿದಿ ಕುಗ್ಗಿ ಇನ್ನೊಂದು ಹಿಗ್ಗಿ, ಯಂತ್ರವೆಲ್ಲ ಎಡಕ್ಕೆ ವಾಲುತ್ತಿತ್ತು. ಹಿಡಿಯನ್ನು ಹಿಂದಕ್ಕೆ ಸೆಳೆದರೆ ಅದರ ಮೂತಿ ಮೇಲೇರುತ್ತಿತ್ತು. ನಿಜವಾದ ವಿಮಾನ ಹೇಗೆ ಓಲಾಡುವುದೋ ಹಾಗೆಯೇ ಈ ಪೆಟ್ಟಿಗೆ ನೆಲ ಬಿಡದೆ ಓಲಾಡುತ್ತಿತ್ತು. ಲಿಂಕ್ ಇದರಲ್ಲಿ ಕೂರಿಸಿ ತನ್ನ ಸೋದರ ಜಾರ್ಜನಿಗೆ ವಿಮಾನ ನಡೆಸುವುದನ್ನು ಕಲಿಸಿದನು.

ಆದರೆ ಲೋಕ ಈ ಯಂತ್ರವನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಅದನ್ನು ಕೊಂಡವರಲ್ಲಿ ಹೆಚ್ಚಿನವರು ಜಾತ್ರೆಯ ತೊಟ್ಟಿಲಿನಂತೆ ಜನರನ್ನು ರಂಜಿಸುವ ವಿನೋದವನಗಳ ಮಾಲೀಕರು. ದೇಶವನ್ನು ಆರ್ಥಿಕ ಮುಗ್ಗಟ್ಟು ಕವಿದಿತ್ತು. ಮಾತನಾಡುವ ಚಲನಚಿತ್ರಗಳು ಬಂದ ಮೇಲೆ ಚಿತ್ರಮಂದಿರಗಳಿಗೆ ಆರ್ಗನ್ ಬೇಡವಾಗಿ ತಂದೆಯ ವ್ಯಾಪಾರವೂ ಕುಸಿಯಿತು. 1931ರಲ್ಲಿ ಮೇರಿಯನ್ ಕ್ಲೇಟನ್ ಎಂಬಾಕೆಯನ್ನು ವಿವಾಹವಾದ ಲಿಂಕ್, ಹಾರಾಟದ ಶಾಲೆಯನ್ನು ನಡೆಸುತ್ತ, ರಾತ್ರಿಯ ವೇಳೆ ವಿಮಾನಕ್ಕೆ ದೀಪಗಳನ್ನು ಕಟ್ಟಿ ಆಕಾಶದಲ್ಲಿ ಜಾಹೀರಾತು ತೋರಿಸುತ್ತ ದಿನ ನೂಕಿದನು.

1934ರಲ್ಲಿ ಸನ್ನಿವೇಶ ಬದಲಾಯಿತು. ಆ ವರ್ಷ ಅಮೆರಿಕದ ಸರ್ಕಾರ ವಿಮಾನದ ಮೂಲಕ ಅಂಚೆಯನ್ನು ಸಾಗಿಸುವ ಹೊಣೆಯನ್ನು ಸೈನ್ಯಕ್ಕೆ ವಹಿಸಿತು. ಸೈನ್ಯದ ವೈಮಾನಿಕರು ಬಿಸಿಲಿನ ಹಾರಾಟದಲ್ಲಿ ಪಳಗಿದ್ದವರು. ಮಂಜು, ಮೋಡ, ಕತ್ತಲೆಗಳಲ್ಲಿ ಕೇವಲ ಉಪಕರಣಗಳ ಮುಳ್ಳನ್ನು ನೋಡಿ ವಿಮಾನ ನಡೆಸುವ ಅಭ್ಯಾಸ ಅವರಲ್ಲಿ ಅನೇಕರಿಗೆ ಇರಲಿಲ್ಲ. ಕೆಲವೇ ತಿಂಗಳುಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಮಡಿದರು. ಆಗ ಅಧಿಕಾರಿಗಳಿಗೆ ಲಿಂಕನ ಯಂತ್ರದ ನೆನಪಾಯಿತು. ಅವನನ್ನು ಕಾಣಲು ನ್ಯೂವಾರ್ಕ್ ವಿಮಾನನಿಲ್ದಾಣದಲ್ಲಿ ಸೇರಿದ ದಿನ ದಟ್ಟವಾದ ಮಂಜು ಮುಸುಕಿತ್ತು. ಇಂತಹ ಹವೆಯಲ್ಲಿ ಯಾರೂ ಬರಲಾರರೆಂದು ಅಧಿಕಾರಿಗಳು ಹೊರಡಲು ಅನುವಾಗಿದ್ದರು. ಅಷ್ಟರಲ್ಲಿ ಮಂಜನ್ನು ಸೀಳಿಕೊಂಡು ಬಂದ ವಿಮಾನವೊಂದು ನಿಲ್ದಾಣದಲ್ಲಿ ಇಳಿಯಿತು. ಅದರಿಂದ ಇಳಿದವನು ಲಿಂಕ್. ಉಪಕರಣಗಳನ್ನು ನಂಬಿ ಹಾರುವ ವಿದ್ಯೆಗೆ ಅದಕ್ಕಿಂತ ಬೇರೆ ಪ್ರಮಾಣ ಬೇಕಾಗಲಿಲ್ಲ. ಸೈನ್ಯವು ಒಂದಕ್ಕೆ 3,500 ಡಾಲರಿನಂತೆ ಆರು ಯಂತ್ರಗಳನ್ನು ಕೊಂಡಿತು.

ಮುಂದೆ ಆ ಯಂತ್ರ ಇನ್ನೂ ಸುಧಾರಿಸಿತು. ವಿದ್ಯಾರ್ಥಿಯ ತಲೆಯ ಮೇಲೆ ಮುಚ್ಚಳವನ್ನು ಹಾಕಿ, ಹೊರಗಿನದೇನೂ ಕಾಣದಂತೆ ಮಾಡುತ್ತಿದ್ದರು. ಅವನ ಮುಂದೆ ಉಳಿಯುತ್ತಿದ್ದುದು ಎತ್ತರ, ವೇಗ, ದಿಕ್ಕುಗಳನ್ನು ತೋರಿಸುವ ಮುಳ್ಳುಗಳು ಮಾತ್ರ. ಶಿಕ್ಷಕನ ಮೇಜಿನ ಮೇಲಿದ್ದ ಭೂಪಟದ ಮೇಲೆ ಮೂರು ಗಾಲಿಗಳ ಪುಟ್ಟ ಸಾಧನವೊಂದು ತೆವಳುತ್ತ, ವಿದ್ಯಾರ್ಥಿಯು ಹಾರಿದ ದಾರಿಯನ್ನು ಮಸಿಯಿಂದ ಗುರುತಿಸುತ್ತಿತ್ತು. ಅವನು ದಾರಿ ತಪ್ಪಿ ಬೆಟ್ಟಕ್ಕೆ ಡಿಕ್ಕಿ ಹೊಡೆದನೆನ್ನಿ. ಆಗ ಕೆಡುತ್ತಿದ್ದುದು ಕಾಗದದ ಮೇಲಿನ ಗೆರೆಯೊಂದೇ. ಅವನು ಮುಚ್ಚಳ ತೆರೆದು ಕೆಳಗಿಳಿದು, ತನ್ನ ತಪ್ಪನ್ನು ಕಣ್ಣಾರೆ ಕಂಡು, ಮತ್ತೆ ಹತ್ತಿ ಕುಳಿತುಕೊಳ್ಳಬಹುದಾಗಿತ್ತು. ನೀಲಿ ಬಣ್ಣ ಬಳಿದಿದ್ದುದರಿಂದ ಅದಕ್ಕೆ ನೀಲಿ ಪೆಟ್ಟಿಗೆ ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂತಹ ಸುಮಾರು ಹತ್ತು ಸಾವಿರ ಪೆಟ್ಟಿಗೆಗಳು ತಯಾರಾದವು. ಐದು ಲಕ್ಷಕ್ಕೂ ಹೆಚ್ಚು ವೈಮಾನಿಕರು ಅವುಗಳಲ್ಲಿ ಕಲಿತರು.

1954ರಲ್ಲಿ ಲಿಂಕ್ ತನ್ನ ಸಂಸ್ಥೆಯನ್ನು ಮಾರಿ, ಆಕಾಶವನ್ನು ಬಿಟ್ಟು ಕಡಲಿನ ಕಡೆಗೆ ತಿರುಗಿದನು. ಮನುಷ್ಯನು ಕಡಲಿನ ಆಳದಲ್ಲಿ ಬಹುಹೊತ್ತು ಇದ್ದು ಕೆಲಸ ಮಾಡುವಂತಾಗಬೇಕೆಂಬುದು ಅವನ ಹಂಬಲವಾಗಿತ್ತು. 1962ರಲ್ಲಿ ಅವನು ರಚಿಸಿದ ಉರುಳೆಯಾಕಾರದ ಕೋಣೆಯ ನೆರವಿನಿಂದ ರಾಬರ್ಟ್ ಸ್ಟೆನ್ಯುಯಿ ಎಂಬ ಮುಳುಗುಗಾರನು ಮೆಡಿಟರೇನಿಯನ್ ಸಮುದ್ರದಲ್ಲಿ 200 ಅಡಿ ಆಳದಲ್ಲಿ ಒಂದು ಹಗಲು ಒಂದು ರಾತ್ರಿಯನ್ನು ಕಳೆದನು. ಆ ಆಳ ನಮ್ಮ ಗೋಕಾಕ ಜಲಪಾತದ ಎತ್ತರಕ್ಕಿಂತಲೂ ಹೆಚ್ಚು. ಆದರೆ ಕಡಲು ಅವನಿಂದ ಕ್ರೂರವಾದ ಬೆಲೆಯನ್ನು ಪಡೆಯಿತು. 1973ರ ಜೂನ್ ತಿಂಗಳಿನಲ್ಲಿ ಫ್ಲಾರಿಡದ ಬಳಿ, ಅವನೇ ವಿನ್ಯಾಸಗೊಳಿಸಿದ ಜಲಾಂತರ್ವಾಹನವು ಮುಳುಗಿದ್ದ ಹಳೆಯ ಹಡಗೊಂದರ ಅವಶೇಷಕ್ಕೆ ಸಿಕ್ಕಿಕೊಂಡಿತು. ಅದನ್ನು ಮೇಲಕ್ಕೆತ್ತಲು ಒಂದು ದಿನಕ್ಕೂ ಮಿಕ್ಕಿ ಕಾಲ ಹಿಡಿಯಿತು. ಮುಂಭಾಗದಲ್ಲಿದ್ದ ಇಬ್ಬರು ಬದುಕಿದರು. ಹಿಂಭಾಗದಲ್ಲಿದ್ದ ಇಬ್ಬರು ಬದುಕಲಿಲ್ಲ. ಅವರಲ್ಲೊಬ್ಬನು ಲಿಂಕನ ಮಗ ಕ್ಲೇಟನ್.

ಲಕ್ಷಾಂತರ ಮನೆಗಳ ಮಕ್ಕಳಿಗೆ ಅಪಾಯವಿಲ್ಲದೆ ಕಲಿಯುವ ಸಾಧನವನ್ನು ಕೊಟ್ಟವನಿಗೆ ತನ್ನ ಮಗನನ್ನೇ ಉಳಿಸಿಕೊಳ್ಳಲಾಗಲಿಲ್ಲ. ಎಪ್ಪತ್ತರ ಸಮೀಪದಲ್ಲಿದ್ದ ಆ ತಂದೆ ದುಃಖದಲ್ಲಿ ಕುಸಿದು ಕೂರಲಿಲ್ಲ. ಆಳದಲ್ಲಿ ಸಿಕ್ಕಿಬಿದ್ದ ವಾಹನಗಳನ್ನು ಹುಡುಕಿ ಬಿಡಿಸಬಲ್ಲ, ಕ್ಯಾಮರಾ ಹೊತ್ತ, ಮನುಷ್ಯರಿಲ್ಲದ ರಕ್ಷಣಾಯಂತ್ರವೊಂದನ್ನು ನಿರ್ಮಿಸಿದನು. ಇನ್ನೊಬ್ಬರ ಮಕ್ಕಳಿಗೆ ಅಂತಹ ಗತಿ ಬಾರದಿರಲೆಂಬುದೇ ಅವನ ಆಶಯವಾಗಿತ್ತು. 1981ರ ಸೆಪ್ಟೆಂಬರ್ 7ರಂದು ಬಿಂಗ್‌ಹ್ಯಾಮ್ಟನ್ ನಗರದಲ್ಲಿ ಅವನು ಕಣ್ಮುಚ್ಚಿದನು.

ಲಿಂಕ್ ತೋರಿಸಿದ ದಾರಿ ಇಂದು ಬಹುದೂರ ಸಾಗಿದೆ. ತಿದಿಗಳ ಸ್ಥಾನಕ್ಕೆ ಕಂಪ್ಯೂಟರ್ ಬಂದಿದೆ. ಈಲಿ ಒಂದೇ ಯತ್ನದಲ್ಲಿ ಪ್ರಾಣವನ್ನು ಪಣವಾಗಿಟ್ಟು ಮಾಡಿದ ಸಾಹಸವನ್ನು ಇಂದಿನ ನೌಕಾವೈಮಾನಿಕರು ಮೊದಲು ನೆಲದ ಮೇಲೆ ನೂರಾರು ಬಾರಿ ಅಭ್ಯಾಸ ಮಾಡುತ್ತಾರೆ. ಅದು ಸುಲಭವಾದ ವಿದ್ಯೆಯಲ್ಲ. ನೌಕೆ ಮುಂದೆ ಚಲಿಸುತ್ತಿರುತ್ತದೆ. ಅಲೆಗಳಿಗೆ ಏಳುತ್ತ ಬೀಳುತ್ತ ಇರುತ್ತದೆ. ವೈಮಾನಿಕನು ದೀಪಗಳ ಸಂಕೇತವನ್ನು ನೋಡಿಕೊಂಡು ಒಂದೇ ಇಳಿಜಾರಿನಲ್ಲಿ ಇಳಿದು, ವಿಮಾನದ ಬಾಲದ ಕೊಕ್ಕೆಯನ್ನು ಉಕ್ಕಿನ ತಂತಿಗೆ ಸಿಕ್ಕಿಸಬೇಕು. ಚಕ್ರ ತಾಗಿದ ಕ್ಷಣದಲ್ಲಿ ಎಂಜಿನ್ನನ್ನು ಆರಿಸುವ ಬದಲು ಪೂರ್ಣ ಬಲಕ್ಕೆ ಏರಿಸಬೇಕು. ಏಕೆಂದರೆ ಕೊಕ್ಕೆ ತಪ್ಪಿದರೆ ಮತ್ತೆ ಹಾರುವುದೊಂದೇ ದಾರಿ. ಬೆಂಗಳೂರಿನಲ್ಲಿ ವಿನ್ಯಾಸಗೊಂಡ ತೇಜಸ್ ವಿಮಾನದ ನೌಕಾಮಾದರಿಯು 2020ರ ಜನವರಿ 11ರಂದು ವಿಕ್ರಮಾದಿತ್ಯ ನೌಕೆಯ ಮೇಲೆ ಇಳಿಯಿತು. ಅದಕ್ಕೆ ಮುನ್ನ ಗೋವೆಯ ದಡದ ಮೇಲೆ, ತಂತಿಗಳನ್ನು ಅಳವಡಿಸಿದ ವಿಶೇಷ ಓಡುದಾರಿಯಲ್ಲಿ, ಅದು ಇಳಿಯುವ ಪಾಠವನ್ನು ಕಲಿತಿತ್ತು.

ಲಿಂಕನ ಬಾಳಿನ ಕೊನೆಯ ದಿನಗಳಲ್ಲೇ, 1980ರ ಸುಮಾರಿಗೆ, ಹಾರಾಟವನ್ನು ಅನುಕರಿಸುವ ಕಾರ್ಯಕ್ರಮಗಳು ಮನೆಯ ಕಂಪ್ಯೂಟರುಗಳಿಗೂ ಬಂದವು. ಇಂದು ಕಡಲು ಕಾಣದ ಗೋಕಾಕ, ಮೂಡಲಗಿ, ಹುಕ್ಕೇರಿಗಳಂತಹ ಊರುಗಳಲ್ಲಿಯೂ, ಕಂಪ್ಯೂಟರ್ ಇರುವ ಮನೆಯ ಹುಡುಗನಾಗಲಿ ಹುಡುಗಿಯಾಗಲಿ ಅದರ ಮುಂದೆ ಕುಳಿತು, ನೌಕೆಯ ಮೇಲೆ ವಿಮಾನ ಇಳಿಸುವುದನ್ನು ಅಭ್ಯಸಿಸಬಹುದು. ಹತ್ತು ಬಾರಿ ವಿಮಾನ ನೀರಿಗೆ ಬಿದ್ದರೂ ಹನ್ನೊಂದನೆಯ ಬಾರಿ ಯತ್ನಿಸಬಹುದು. ತಪ್ಪು ಮಾಡದೆ ಯಾರೂ ಯಾವ ವಿದ್ಯೆಯನ್ನೂ ಕಲಿಯಲಾರರು. ಆದರೆ ತಪ್ಪಿದವನು ಬದುಕಿ ಉಳಿದು, ತಿದ್ದಿಕೊಳ್ಳುವಂತಿರಬೇಕು. ಆ ಅವಕಾಶವನ್ನು ವೈಮಾನಿಕರಿಗೆ ಒದಗಿಸಿಕೊಟ್ಟ ಎಡ್ವಿನ್ ಲಿಂಕನ ಹೆಸರು ಹಾರಾಟದ ಇತಿಹಾಸದಲ್ಲಿ ಚಿರಸ್ಥಾಯಿಯಾಗಿದೆ.