ವಲಸಿಗರ ತಾಯಿ ಸಂತ ಕಬ್ರೀನಿ

ನಿಮ್ಮ ಮನೆಯ ಮಗನೋ ಮಗಳೋ ದುಬೈಯಲ್ಲೋ ಕುವೈತಿನಲ್ಲೋ ದುಡಿಯುತ್ತಿದ್ದರೆ, ವೀಸಾ ಮುಗಿಯುವ ತಾರೀಖು ಹತ್ತಿರ ಬಂದಾಗ ಮನೆಯಲ್ಲಿ ಹುಟ್ಟುವ ಆತಂಕ ನಿಮಗೆ ಹೊಸದಲ್ಲ. ಒಂದು ಮುದ್ರೆಗಾಗಿ ಎಷ್ಟು ಓಡಾಟ, ಎಷ್ಟು ಕಾಯುವಿಕೆ! ಸಂತರಿಗೆ ಇಂಥ ಕಷ್ಟ ಎಲ್ಲಿ ತಿಳಿದಿರುತ್ತದೆ ಎಂದು ನಿಮಗೆ ಅನಿಸಬಹುದು. ಆದರೆ ಪರದೇಶದಲ್ಲಿ ನೆಲೆಸಿ, ಕಾನೂನಿನಂತೆ ಅಲ್ಲಿಯ ಪೌರತ್ವ ಪಡೆದ ಧರ್ಮಭಗಿನಿಯೊಬ್ಬರು ನಮಗಿದ್ದಾರೆ. ಅವರೇ ಸಂತ ಫ್ರಾನ್ಸೆಸ್ ಝೇವಿಯರ್ ಕಬ್ರೀನಿ.

ಅವರು ಹುಟ್ಟಿದ್ದು 1850ರ ಜುಲೈ 15ರಂದು, ಇಟಲಿಯ ಲೊಂಬಾರ್ಡಿ ಪ್ರಾಂತ್ಯದ ರೈತ ಕುಟುಂಬದಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು; ಉಳಿಯುವ ಭರವಸೆ ಇಲ್ಲದೆ ಅಂದೇ ದೀಕ್ಷಾಸ್ನಾನ ಕೊಡಿಸಿದರು. ಬೆಳೆದ ಮೇಲೂ ಆರೋಗ್ಯ ಅಷ್ಟಕ್ಕಷ್ಟೇ. ಇದೇ ಕಾರಣಕ್ಕೆ ಕನ್ಯಾಮಠದವರು ಅವರನ್ನು ಸೇರಿಸಿಕೊಳ್ಳಲಿಲ್ಲ. ಆದರೂ ಎದೆಗುಂದದೆ, 1880ರಲ್ಲಿ ಕೊದೋನ್ಯೊ ಎಂಬ ಊರಿನಲ್ಲಿ ಯೇಸುವಿನ ಪವಿತ್ರ ಹೃದಯದ ಮಿಷನರಿ ಭಗಿನಿಯರ ಸಭೆಯನ್ನು ಸ್ಥಾಪಿಸಿದರು. ಗೋವೆಯಲ್ಲಿ ಮಲಗಿರುವ ನಮ್ಮ ಸಂತ ಫ್ರಾನ್ಸಿಸ್ ಝೇವಿಯರರ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡರು. ಅವರಂತೆ ಪೂರ್ವಕ್ಕೆ, ಚೀನಾಕ್ಕೆ ಹೋಗುವುದೇ ಅವರ ಆಸೆಯಾಗಿತ್ತು. ಜಗದ್ಗುರು ಹದಿಮೂರನೇ ಲಿಯೋ ಅವರು ಮಾತ್ರ ಪಶ್ಚಿಮಕ್ಕೆ ಹೋಗುವಂತೆ ಸೂಚಿಸಿದರು. ಬಡತನದಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಇಟಲಿಯವರನ್ನು ಅಲ್ಲಿ ಕೇಳುವವರಿರಲಿಲ್ಲ.

1889ರ ಮಾರ್ಚ್ 31ರಂದು ಆರು ಮಂದಿ ಭಗಿನಿಯರೊಡನೆ ಅವರು ನ್ಯೂಯಾರ್ಕಿನಲ್ಲಿ ಇಳಿದರು. ಯೂರೋಪಿನಿಂದ ಹೋಗುವವರಿಗೆ ಆಗ ಇಂದಿನಂತೆ ವೀಸಾ ಬೇಕಿರಲಿಲ್ಲ. ಆದರೆ ಬಾಗಿಲು ಮುಚ್ಚಲು ಬೇರೆ ಕಾರಣಗಳಿದ್ದವು. ಅವರಿಗಾಗಿ ಗೊತ್ತುಮಾಡಿದ್ದ ಅನಾಥಾಲಯದ ಏರ್ಪಾಡು ಮುರಿದುಬಿದ್ದಿತ್ತು. ಮಹಾಧರ್ಮಾಧ್ಯಕ್ಷ ಕಾರಿಗನ್ ಅವರು, ಬಂದ ದಾರಿಯಲ್ಲೇ ಇಟಲಿಗೆ ಮರಳುವುದು ಒಳ್ಳೆಯದೆಂದು ತಿಳಿಹೇಳಿದರು. ಭಾಷೆ ಬಾರದ ನಾಡು, ತಂಗಲು ನೆಲೆಯಿಲ್ಲ, ಕೈಯಲ್ಲಿ ಹಣವಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕಬ್ರೀನಿ ಮಾತೆಯವರು ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ರೋಮಿನಿಂದ ತಂದಿದ್ದ ಪತ್ರಗಳನ್ನು ಮುಂದಿಟ್ಟು, ತಮ್ಮನ್ನು ಇಲ್ಲಿಗೆ ಕಳುಹಿಸಿದ್ದು ಜಗದ್ಗುರುಗಳು, ಆದ್ದರಿಂದ ಇಲ್ಲಿಯೇ ಉಳಿಯುವುದಾಗಿ ವಿನಯದಿಂದ ತಿಳಿಸಿದರು. ಕೆಲವೇ ವಾರಗಳಲ್ಲಿ ಆ ಅನಾಥಾಲಯವೂ ತೆರೆಯಿತು.

ಪರದೇಶಿಯ ಬದುಕು ಎಷ್ಟು ಅತಂತ್ರ ಎಂಬುದನ್ನು ಅವರ ಸಭೆ ಕಹಿಯಾಗಿಯೇ ಕಲಿಯಿತು. 1891ರಲ್ಲಿ ಅವರು ಮಧ್ಯ ಅಮೆರಿಕದ ನಿಕರಾಗುವಾಕ್ಕೆ ಹೋಗಿ ಶಾಲೆ ತೆರೆದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಸರ್ಕಾರ ಬದಲಾಯಿತು. ಭಗಿನಿಯರನ್ನು ದೇಶದಿಂದಲೇ ಹೊರಹಾಕಲಾಯಿತು. ಅವರು ಪನಾಮಾಕ್ಕೆ ಹೋಗಿ ಮತ್ತೆ ಮೊದಲಿನಿಂದ ಕೆಲಸ ಆರಂಭಿಸಬೇಕಾಯಿತು.

ಮಾತೆಯವರು ಕಾಗದವನ್ನು ಕಣ್ಣುಮುಚ್ಚಿ ನಂಬುವವರಲ್ಲ. ಷಿಕಾಗೋದಲ್ಲಿ ಆಸ್ಪತ್ರೆಗಾಗಿ ಒಂದು ಹೋಟೆಲು ಕಟ್ಟಡವನ್ನು ಕೊಳ್ಳುವಾಗ, ನಸುಕಿನಲ್ಲೇ ಭಗಿನಿಯರನ್ನು ಕಳುಹಿಸಿ ದಾರ ಹಿಡಿದು ಜಾಗವನ್ನು ಅಳೆಸಿದರಂತೆ. ಒಪ್ಪಂದದಲ್ಲಿ ಸುಮಾರು 25 ಅಡಿ ಜಾಗ ಬಿಟ್ಟುಹೋಗುವುದರಲ್ಲಿತ್ತು ಎಂಬುದು ಆಗ ಬಯಲಾಯಿತೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ.

ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷಗಳಾದ ಮೇಲೆ, 1909ರಲ್ಲಿ, ಸಿಯಾಟಲ್ ನಗರದಲ್ಲಿ ಅವರು ಅಮೆರಿಕದ ಪ್ರಜೆಯಾದರು. ಆಗಿನ ಕಾನೂನು ಸಡಿಲವಾಗಿರಲಿಲ್ಲ. 1906ರ ಶಾಸನದ ಪ್ರಕಾರ ಮೊದಲು ಪ್ರಜೆಯಾಗುವ ಇಚ್ಛೆಯನ್ನು ಬರೆದು ಸಲ್ಲಿಸಬೇಕು. ಕನಿಷ್ಠ ಎರಡು ವರ್ಷ ಕಳೆದ ಮೇಲೆ ಅರ್ಜಿ ಹಾಕಬೇಕು. ಐದು ವರ್ಷ ಅಲ್ಲಿ ನೆಲೆಸಿರಬೇಕು. ಇಂಗ್ಲಿಷ್ ಮಾತಾಡಲು ಬರಬೇಕು. ಇಬ್ಬರು ಪ್ರಜೆಗಳು ಸಾಕ್ಷಿ ನುಡಿಯಬೇಕು. ಕೊನೆಗೆ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ, ಹುಟ್ಟಿದ ದೇಶದ ಅರಸನ ಪ್ರಜೆತನವನ್ನು ಬಿಡಬೇಕು. 59ರ ವಯಸ್ಸಿನಲ್ಲಿ ಹೀಗೆ ತಾಯ್ನಾಡಿನ ಪ್ರಜೆತನವನ್ನು ಬಿಟ್ಟುಕೊಡುವುದು ಸಣ್ಣ ಮಾತೇ? ತಾವು ಸೇವೆ ಮಾಡುತ್ತಿದ್ದ ಜನರು ಯಾವ ನಾಡನ್ನು ತಮ್ಮದಾಗಿ ಮಾಡಿಕೊಳ್ಳಬೇಕಿತ್ತೋ, ಆ ನಾಡನ್ನು ಮಾತೆಯವರೂ ತಮ್ಮದಾಗಿ ಮಾಡಿಕೊಂಡರು.

1917ರ ಡಿಸೆಂಬರ್ 22ರಂದು ಅವರು ಷಿಕಾಗೋದ ತಮ್ಮದೇ ಆಸ್ಪತ್ರೆಯಲ್ಲಿ ದೈವಾಧೀನರಾದರು. ಆ ವೇಳೆಗೆ ಶಾಲೆ, ಆಸ್ಪತ್ರೆ, ಅನಾಥಾಲಯ ಎಲ್ಲವೂ ಸೇರಿ 67 ಸಂಸ್ಥೆಗಳು ತಲೆಯೆತ್ತಿದ್ದವು. 1946ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಅವರು ಸಂತ ಪದವಿಗೇರಿಸಿದಾಗ, ಆ ಗೌರವ ಪಡೆದ ಅಮೆರಿಕದ ಮೊದಲ ಪ್ರಜೆ ಅವರಾದರು. 1950ರಲ್ಲಿ ಅವರನ್ನು ವಲಸಿಗರ ಪಾಲಕ ಸಂತರೆಂದು ಸಾರಲಾಯಿತು.

ಈ ಬಾಳು ನಿಮಗೆ ಏನು ಕಲಿಸುತ್ತದೆ? ದೇವರ ಮೇಲೆ ಭಾರ ಹಾಕುವುದೆಂದರೆ ಕಾಗದಪತ್ರವನ್ನು ಅಲಕ್ಷಿಸುವುದಲ್ಲ. ಪಾಸ್‌ಪೋರ್ಟು, ವೀಸಾ, ಕೆಲಸದ ಒಪ್ಪಂದ, ಇವುಗಳ ನಕಲುಗಳನ್ನು ಊರಿನ ಮನೆಯಲ್ಲೂ ಒಂದು ಕಡೆ ಇಟ್ಟುಕೊಳ್ಳಿ. ಅವಧಿ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಓದದೆ, ಅರ್ಥವಾಗದೆ ಯಾವ ಕಾಗದಕ್ಕೂ ಸಹಿ ಮಾಡಬೇಡಿರೆಂದು ಮಕ್ಕಳಿಗೆ ಹೇಳಿ. ನಿಮ್ಮ ಧರ್ಮಕೇಂದ್ರದಲ್ಲಿ ಅರ್ಜಿ ತುಂಬಲು ತಿಳಿಯದವರಿದ್ದರೆ, ಅರ್ಧ ಗಂಟೆ ಅವರ ಜೊತೆ ಕುಳಿತುಕೊಳ್ಳಿ. ಹಾಗೆಯೇ, ದೂರದಿಂದ ದುಡಿಯಲು ನಮ್ಮೂರಿಗೆ ಬಂದವರಿಗೂ ಒಂದು ಒಳ್ಳೆಯ ಮಾತು, ಒಂದಿಷ್ಟು ನೆರವು ನಿಮ್ಮಿಂದ ಸಿಗಲಿ. ಇಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಪರದೇಶದಲ್ಲಿರುವ ನಿಮ್ಮವರನ್ನು ಹೆಸರು ಹಿಡಿದು ನೆನೆದು, ಈ ತಾಯಿಯ ಬಿನ್ನಹಕ್ಕೆ ಒಪ್ಪಿಸಿರಿ.