ಲಿಯೊನಾರ್ಡ್ ಆಯ್ಲರ್: ಲೆಕ್ಕ ಕೊಟ್ಟ ನಂಬಿಕೆ

ಈ ಶಾಲೆಯಲ್ಲಿ ಓದುವಾಗ ಒಮ್ಮೆ ಗಣಿತದ ಮೇಷ್ಟ್ರನ್ನು, ಅವಿಭಾಜ್ಯ ಸಂಖ್ಯೆಗಳಿಂದ ಮುಂದೆ ಏನು ಉಪಯೋಗ ಸಾರ್ ಎಂದು ಕೇಳಿದ್ದೆ. ಅವರು ನಕ್ಕು, ಮೊದಲು ಲೆಕ್ಕ ಮಾಡು ಎಂದಿದ್ದರು. ಉತ್ತರ ಸಿಕ್ಕಿದ್ದು ಬಿ.ಇ. ಓದುವಾಗ, ಲಿಯೊನಾರ್ಡ್ ಆಯ್ಲರ್ ಅವರ ಮೂಲಕ.

ಆಯ್ಲರ್ ಹುಟ್ಟಿದ್ದು 1707ರ ಏಪ್ರಿಲ್ 15ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ತಂದೆ ಪಾದ್ರಿ; ಮಗನೂ ಪಾದ್ರಿಯಾಗಲಿ ಎಂಬುದು ಅವರ ಆಸೆ. ಹುಡುಗನ ಪ್ರತಿಭೆಯನ್ನು ಕಂಡ ಗುರು ಯೋಹಾನ್ ಬರ್ನೂಲಿ ತಂದೆಯ ಮನವೊಲಿಸಿದರು. 1727ರಲ್ಲಿ ಆಯ್ಲರ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದರು. 1741ರಲ್ಲಿ ಬರ್ಲಿನ್ನಿಗೆ ಬಂದರು.

ಬರ್ಲಿನ್ನಿನಲ್ಲಿದ್ದಾಗ, 1763ರಲ್ಲಿ, ಅವರ ಒಂದು ಪ್ರಮೇಯ ಪ್ರಕಟವಾಯಿತು. ಅದನ್ನು ನೀವೇ ಪರೀಕ್ಷಿಸಬಹುದು. 10ಕ್ಕಿಂತ ಚಿಕ್ಕದಾಗಿದ್ದು, 10ರೊಂದಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು 1, 3, 7, 9. ಒಟ್ಟು ನಾಲ್ಕು. ಇವುಗಳಲ್ಲಿ ಯಾವುದರ ನಾಲ್ಕನೇ ಘಾತವನ್ನು 10ರಿಂದ ಭಾಗಿಸಿದರೂ ಶೇಷ 1. ಮೂರರದು 81, ಏಳರದು 2401. 10ರ ಬದಲು ಬೇರೆ ಸಂಖ್ಯೆ ಹಿಡಿದರೂ ಇಂಥದೇ ನಿಯಮ.

1766ರಲ್ಲಿ ಅವರು ರಷ್ಯಾಕ್ಕೆ ಮರಳಿದರು. ಬಲಗಣ್ಣು ಹೋಗಿ ಬಹಳ ವರ್ಷವಾಗಿತ್ತು. ಎಡಗಣ್ಣಿಗೂ ಪೊರೆ ಬಂತು. 1771ರಲ್ಲಿ ಮನೆ ಸುಟ್ಟುಹೋಯಿತು. ಅದೇ ವರ್ಷ ಶಸ್ತ್ರಚಿಕಿತ್ಸೆಯಿಂದ ಬಂದ ದೃಷ್ಟಿಯೂ ಉಳಿಯಲಿಲ್ಲ. ಲೆಕ್ಕ ಮಾತ್ರ ನಿಲ್ಲಲಿಲ್ಲ. ಮನಸ್ಸಿನಲ್ಲೇ ಗುಣಿಸಿ, ಭಾಗಿಸಿ, ಮಗನಿಗೂ ಶಿಷ್ಯರಿಗೂ ಹೇಳಿ ಬರೆಸಿದರು. ಅವರ 800ಕ್ಕೂ ಹೆಚ್ಚು ಬರಹಗಳಲ್ಲಿ ಸುಮಾರು ಅರ್ಧ ಈ ಕತ್ತಲೆಯ ವರ್ಷಗಳವು. 1783ರ ಸೆಪ್ಟೆಂಬರ್ 18ರಂದು ತೀರಿಕೊಂಡರು. ಆ ದಿನವೂ ಲೆಕ್ಕ ಮಾಡುತ್ತಿದ್ದರು.

ಅದಾಗಿ 194 ವರ್ಷಗಳ ಮೇಲೆ, 1977ರಲ್ಲಿ, ಅಮೆರಿಕದ ಎಂಐಟಿಯಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನೂ ಆಯ್ಲರ್ ನಿಯಮವನ್ನೂ ಸೇರಿಸಿ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನ ಕಟ್ಟಿದರು. ಅದರಿಂದ ಡಿಜಿಟಲ್ ಸಹಿ ಹಾಕಬಹುದು. ಮುಖ ನೋಡದ ಇಬ್ಬರು ಅಂತರ್ಜಾಲದಲ್ಲಿ ಹಾಡನ್ನೋ ಸಾಫ್ಟ್‌ವೇರನ್ನೋ ಕೊಂಡು ಮಾರುವಾಗ ಹಣ ಮೊದಲೋ ಸರಕು ಮೊದಲೋ ಎಂಬ ಅನುಮಾನ ಸಹಜ. ಮಾರುವವನು ತನ್ನ ಗುಟ್ಟಿನ ಕೀಲಿಯಿಂದ ರಸೀದಿಗೆ ಸಹಿ ಹಾಕಿದರೆ, ಅವನ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ಸಹಿಯೊಂದೇ ಸರಕನ್ನು ತಲುಪಿಸದು. ಆದರೆ ತಕರಾರು ಬಂದಾಗ ನ್ಯಾಯ ಹೇಳುವವರ ಮುಂದೆ ಅದು ಸಾಕ್ಷಿಯಾಗಿ ನಿಲ್ಲುತ್ತದೆ.

ಇಂದು ನನ್ನ ಕೆಲಸವೂ ಇಂಥ ಸಹಿಗಳನ್ನೇ ನಂಬಿದೆ. ಉಪಯೋಗ ಕಾಣುವ ಮೊದಲೇ ಆಯ್ಲರ್ ಲೆಕ್ಕ ಮಾಡಿದ್ದರು. ಮಕ್ಕಳೇ, ಮೇಷ್ಟ್ರು ನಕ್ಕಿದ್ದು ಯಾಕೆಂದು ನನಗೆ ಈಗ ಗೊತ್ತಾಗಿದೆ.