ಪಾರ್ತಿಸುಬ್ಬ: ಕವಿಯೂ ಕರ್ತೃತ್ವವೂ

ಹಳೆಗಾಲದ ಕನ್ನಡದಲ್ಲಿ ನಾಟಕಗಳೇ ಇಲ್ಲವೆಂದು ಕೊರಗುವವರು ಕರಾವಳಿಯ ಬಯಲಾಟಗಳನ್ನು ಮರೆತಿರುತ್ತಾರೆ. ಆ ಆಟಗಳ ಪ್ರಸಂಗಕರ್ತರಲ್ಲಿ ಪಾರ್ತಿಸುಬ್ಬನಷ್ಟು ಪ್ರಖ್ಯಾತನಾದವನು ವಿರಳ; ಅವನಷ್ಟು ವಿವಾದಕ್ಕೆ ಗುರಿಯಾದವನೂ ವಿರಳ. ಪುತ್ರಕಾಮೇಷ್ಟಿಯಿಂದ ಕುಶಲವರ ಕಾಳಗದವರೆಗಿನ ರಾಮಾಯಣ ಪ್ರಸಂಗಗಳು ಅವನವೆಂದೇ ಭಾಗವತರು ತಲೆತಲಾಂತರದಿಂದ ನಂಬಿ ಹಾಡುತ್ತ ಬಂದಿದ್ದಾರೆ.

ಸುಬ್ಬನು ಕಾಸರಗೋಡು ಸೀಮೆಯ ಕುಂಬಳೆಯವನೆಂದೂ, ಅಲ್ಲಿಯ ಕಣಿಪುರದ ಗೋಪಾಲಕೃಷ್ಣನ ಭಕ್ತನೆಂದೂ ಐತಿಹ್ಯ. ಪಾರ್ತಿ ಎಂಬುದು ಪಾರ್ವತಿಯ ಬಳಕೆಯ ರೂಪ. ಆಕೆ ತಾಯಿಯೆನ್ನುವರು ಕೆಲವರು. ಪ್ರೇಯಸಿಯೆನ್ನುವರು ಮತ್ತೆ ಕೆಲವರು. ಹುಟ್ಟಿದ ವರ್ಷ, ಗುರು, ವಿದ್ಯಾಭ್ಯಾಸ ಯಾವುದಕ್ಕೂ ಗಟ್ಟಿಯಾದ ದಾಖಲೆಯಿಲ್ಲ. ಕಾಲವನ್ನು ಕುರಿತೂ ವಿದ್ವಾಂಸರ ಅಭಿಪ್ರಾಯಗಳು ಶತಮಾನಗಳ ಅಂತರದಲ್ಲಿ ನಿಂತಿವೆ.

ಮುಳಿಯ ತಿಮ್ಮಪ್ಪಯ್ಯನವರು ಸುಬ್ಬನನ್ನೇ ಕುರಿತು ಗ್ರಂಥ ರಚಿಸಿ ಕುಂಬಳೆಯ ಪಕ್ಷವನ್ನು ಎತ್ತಿ ಹಿಡಿದರು. ೧೯೫೭ರಲ್ಲಿ ‘ಯಕ್ಷಗಾನ ಬಯಲಾಟ’ವನ್ನು ಹೊರತಂದ ಶಿವರಾಮ ಕಾರಂತರು ರಾಮಾಯಣ ಪ್ರಸಂಗಗಳನ್ನು ಕುಂಬಳೆಯ ಸುಬ್ಬನಿಗೆ ಸಲ್ಲಿಸಲು ಒಪ್ಪಲಿಲ್ಲ. ೧೯೭೫ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಸುಬ್ಬನ ಯಕ್ಷಗಾನಗಳನ್ನು ಸಂಪಾದಿಸಿಕೊಟ್ಟ ಕುಕ್ಕಿಲ ಕೃಷ್ಣಭಟ್ಟರು ಅವನ ಪರ ನಿಂತು, ಕೇರಳದ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟದೊಡನೆ ಈ ಪ್ರಸಂಗಗಳನ್ನು ಹೋಲಿಸಿದರು. ನಮ್ಮ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರಗಳಲ್ಲಿ ಕನ್ನಡ ತೆಲುಗುಗಳು ನೆರೆಹೊರೆಯಾಗಿರುವಂತೆ ಕುಂಬಳೆಯಲ್ಲಿ ಕನ್ನಡ, ತುಳು, ಮಲಯಾಳಗಳು ಕೂಡಿ ಬಾಳಿವೆ. ಗಡಿನಾಡಿನವರಿಗೆ ಇಂತಹ ಕೊಡುಕೊಳೆ ಅಚ್ಚರಿಯದಲ್ಲ.

ಹಾಗಾದರೆ ಯಾವ ಸಾಕ್ಷ್ಯಕ್ಕೆ ಎಷ್ಟು ಬೆಲೆ? ಕಣ್ವಪುರದ ಕೃಷ್ಣನ ಸ್ಮರಣೆ ಕುಂಬಳೆಯತ್ತ ಬೆರಳು ತೋರುವುದು ನಿಜ. ಆದರೆ ಪ್ರಸಂಗವೆಂಬುದು ಮೇಳದಿಂದ ಮೇಳಕ್ಕೆ ದಾಟುವ ಸೊತ್ತು. ಸ್ತುತಿಪದ್ಯವೊಂದನ್ನು ಸೇರಿಸುವುದು ಪ್ರತಿಕಾರನಿಗೆ ಕಷ್ಟವಲ್ಲ. ಮಲಯಾಳದ ಹೋಲಿಕೆಯೂ ಸಂಪರ್ಕವನ್ನು ತೋರೀತೇ ಹೊರತು ಕರ್ತೃವಿನ ಹೆಸರನ್ನು ಹೇಳದು. ಇವೆರಡಕ್ಕಿಂತ ‘ಪಾರ್ತಿ’ ಎಂಬ ಹೆಸರೇ ನಮಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಕವಿಗೆ ಕೀರ್ತಿ ಕಟ್ಟಬೇಕೆನ್ನುವವರು ರಾಜಾಶ್ರಯವನ್ನೋ ದೊಡ್ಡ ಮನೆತನವನ್ನೋ ಕಲ್ಪಿಸಿಯಾರು. ಸಾಮಾನ್ಯ ಹೆಣ್ಣೊಬ್ಬಳ ಹೆಸರನ್ನು ಅಂಟಿಸಲಾರರು. ಆದರೂ ಅದು ಸುಬ್ಬನೊಬ್ಬನಿದ್ದನೆಂಬುದಕ್ಕೆ ಸಾಕ್ಷಿ. ರಾಮಾಯಣವೆಲ್ಲ ಅವನದೆಂಬುದಕ್ಕೆ ಅಲ್ಲ.

ಆದುದರಿಂದ ಎಲ್ಲ ಪ್ರಸಂಗಗಳನ್ನೂ ಒಟ್ಟಾಗಿ ಕೊಡುವುದಾಗಲಿ ಕಸಿದುಕೊಳ್ಳುವುದಾಗಲಿ ನ್ಯಾಯವಲ್ಲ; ಒಂದೊಂದನ್ನೂ ಅದರದರ ಹಳೆಯ ಓಲೆಪ್ರತಿಗಳ ಬಲದಿಂದಲೇ ತೂಗಬೇಕು. ಊರಿನ ಅಭಿಮಾನ ಕವಿಯನ್ನು ಉಳಿಸೀತು, ಆದರೆ ಸತ್ಯವನ್ನು ನಿರ್ಣಯಿಸದು. ತೀರ್ಪು ಏನೇ ಬರಲಿ, ಪಂಚವಟಿಯ ಪದಗಳಿಗೆ ಚೆಂಡೆಮದ್ದಳೆಗಳು ಇಂದಿಗೂ ಓಗೊಡುತ್ತವೆ. ಹಾಡಿದವರ ಬಾಯಲ್ಲಿ ಪಾರ್ತಿಯ ಹೆಸರೂ ಉಳಿದಿದೆ.